ಆ ಶೇಕಡಾ ಯಾರ ಲೆಕ್ಕ?

ಪ್ರೀತಿಯ ತಂಗೀ,

ನಿನ್ನ ರಾಕೆಟ್ ಲೇಖನ ಓದಿದೆ. ಬರವಣಿಗೆ ಚೆನ್ನಾಗಿದೆ. ಆದರೆ ‘ಏರಿಯಾನ್ 5ರ ಯಶಸ್ಸು ಶೇ. 95.7’ ಅನ್ನೋ ಸಾಲು ಬಂದಾಗ ನಿಂತುಬಿಟ್ಟೆ. ವಿಕಿಪೀಡಿಯ ನೋಡಿ ಬರೆದಿದ್ದು, ಅಲ್ವಾ? ಅದೇನೂ ತಪ್ಪಲ್ಲ, ನಾನೂ ದಿನಾ ಅಲ್ಲಿಗೇ ಹೋಗುತ್ತೇನೆ. ಲೆಕ್ಕ ಹೇಗೆ ಬಂತು ಅಂತ ಕೇಳದೆ ವಾಪಸ್ ಬಂದೆಯಲ್ಲ, ಅದಕ್ಕೆ ನನ್ನ ತಕರಾರು.

ಯುರೋಪಿನ ಆ ರಾಕೆಟ್ 1996ರಿಂದ 2023ರವರೆಗೆ 117 ಸಲ ಹಾರಿತು. ಪೂರ್ತಿ ಕೈಕೊಟ್ಟಿದ್ದು ಎರಡು ಸಲ. ಇನ್ನು ಮೂರು ಸಲ ಅರೆಬರೆ. ಅರೆಬರೆ ಅಂದರೆ ಏನು ಗೊತ್ತಾ? 2018ರ ಜನವರಿಯಲ್ಲಿ ಅದು ಹೊರಟಿದ್ದೇ ತಪ್ಪು ದಿಕ್ಕಿಗೆ. ಉಪಗ್ರಹಗಳು ಬೇರೆ ಕಕ್ಷೆ ಸೇರಿದವು. ಆಮೇಲೆ ತಮ್ಮದೇ ಇಂಧನ ಸುಟ್ಟುಕೊಂಡು ತಮ್ಮ ಜಾಗಕ್ಕೆ ಹೋದವು. ಇದನ್ನು ಗೆಲುವು ಅನ್ನೋಣವೋ, ಸೋಲು ಅನ್ನೋಣವೋ? ಅರೆಬರೆಯನ್ನು ಸೋಲಿಗೆ ಹಾಕಿದರೆ ನಿನ್ನ 95.7 ಬರುತ್ತದೆ. ಗೆಲುವಿಗೆ ಹಾಕಿದರೆ 98.3. ಎರಡೂ ಸುಳ್ಳಲ್ಲ. ನೀನು ಯಾವ ಕಡೆ ಹಾಕಿದೆ ಅಂತ ಓದುಗರಿಗೆ ಹೇಳಬೇಕಿತ್ತು, ಅಷ್ಟೇ.

ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ರಾಕೆಟ್ ಫಾಲ್ಕನ್ 9ರ ಕತೆ ಇನ್ನೂ ಮಜಾ. 2016ರ ಸೆಪ್ಟೆಂಬರ್ 1ರಂದು ಎಂಜಿನ್ ಪರೀಕ್ಷೆಗೆ ಅಂತ ಇಂಧನ ತುಂಬುತ್ತಿದ್ದಾಗ ನಿಂತಲ್ಲೇ ಸಿಡಿಯಿತು. ತಲೆಯ ಮೇಲಿದ್ದ ಆಮೋಸ್-6 ಉಪಗ್ರಹವೂ ಸುಟ್ಟುಹೋಯಿತು. ಆದರೆ ರಾಕೆಟ್ ಹಾರಲೇ ಇಲ್ಲವಲ್ಲ! ಹಾರಿದ್ದನ್ನು ಮಾತ್ರ ಎಣಿಸಿದರೆ ಇದು ಲೆಕ್ಕಕ್ಕೇ ಬರುವುದಿಲ್ಲ. ಉಪಗ್ರಹದ ಮಾಲೀಕರು ಇದನ್ನು ಒಪ್ಪುತ್ತಾರಾ?

ಇಂಥ ಜಗಳವೆಲ್ಲ ವಿಕಿಪೀಡಿಯದ ‘ಚರ್ಚೆ’ ಪುಟದಲ್ಲಿ ನಡೆದಿರುತ್ತದೆ. ಎಷ್ಟೋ ಸಲ ಲೇಖನಕ್ಕಿಂತ ಅದೇ ಜಾಸ್ತಿ ಕಲಿಸುತ್ತದೆ. ‘ಇತಿಹಾಸ’ ಒತ್ತಿದರೆ ಯಾವ ಅಂಕಿ ಯಾವತ್ತು ಬದಲಾಯಿತು ಅಂತ ಕಾಣುತ್ತದೆ. ಕೆಳಗಿನ ಉಲ್ಲೇಖದಿಂದ ಮೂಲಕ್ಕೂ ಹೋಗಿ ನೋಡು. ಒಮ್ಮೆ ನಾನು ಒಂದು ಅಂಕಿಗೆ ಎರಡೆರಡು ಆಧಾರ ಸಿಕ್ಕಿತು ಅಂತ ಹಿಗ್ಗಿದ್ದೆ. ನೋಡಿದರೆ ಪತ್ರಿಕೆಯವರು ವಿಕಿಯಿಂದ ಎತ್ತಿದ್ದರು, ವಿಕಿಯವರು ಅದೇ ಪತ್ರಿಕೆಯನ್ನು ಆಧಾರ ಅಂತ ಕೊಟ್ಟಿದ್ದರು. ನನಗೆ ಇದು ಗೊತ್ತಾಗುವಷ್ಟರಲ್ಲಿ ಲೇಖನ ಅಚ್ಚಾಗಿತ್ತು.

ಹಾಂ, ಕೊನೆಯಲ್ಲಿ ಒಂದು ಹೊಸ ರಾಕೆಟ್‌ಗೆ ‘ನೂರಕ್ಕೆ ನೂರು’ ಕೊಟ್ಟಿದ್ದೀಯ. ಎಷ್ಟು ಸಲ ಹಾರಿ ನೂರು ಬಂತು, ಅದನ್ನೂ ಬರೆ. ಅಮೆರಿಕದ ಸ್ಪೇಸ್ ಶಟಲ್ 24 ಸಲ ಹೋಗಿ ಎಲ್ಲರನ್ನೂ ಜೀವಂತ ಕರೆತಂದಿತ್ತು. 1986ರ ಜನವರಿಯಲ್ಲಿ ಹೊರಟು, ಒಳಗಿದ್ದವರೆಲ್ಲರ ಸಮೇತ ಆಕಾಶದಲ್ಲೇ ಛಿದ್ರವಾದ ಚಾಲೆಂಜರ್‌ನ ಹಾರಾಟ 25ನೆಯದು.

ತಿದ್ದಿದ ಮೇಲೆ ಇನ್ನೊಮ್ಮೆ ಕಳಿಸು. ಶೀರ್ಷಿಕೆ ಮುಟ್ಟಬೇಡ, ಅದು ಚೆನ್ನಾಗಿದೆ.

ನಿನ್ನ ಅಣ್ಣ