ಬಾಯಲ್ಲಿನ ಬೆಣಚುಕಲ್ಲು

ಚಿಂತಾಮಣಿ

ಪ್ರಿಯ ಗೆಳೆಯ,

ಬೆಳಗಿನ ಜಾವ ಕಣ್ಣು ಮುಚ್ಚಿ ಕುಳಿತರೆ ಮನಸ್ಸು ಒಣಗಿದ ಕೆರೆಯಂತಿರುತ್ತದೆ, ಶನಿವಾರದ ಭಜನೆಯಲ್ಲಿ ಮಾತ್ರ ಕಣ್ಣು ಒದ್ದೆಯಾಗುತ್ತದೆ, ಹಾಗಾದರೆ ಧ್ಯಾನವನ್ನು ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಎರಡರಲ್ಲಿ ಒಂದನ್ನೇ ಹಿಡಿಯಬೇಕೆಂದು ನಿನಗೆ ಹೇಳಿದವರಾರೋ ಕಾಣೆ. ನನಗಂತೂ ಆ ಮಾತು ಒಪ್ಪಿಗೆಯಿಲ್ಲ.

ಕಳೆದ ಭಾನುವಾರ ಕೈವಾರಕ್ಕೆ ಹೋಗಿದ್ದೆ. ಬಳೆ ಮಾರುತ್ತಿದ್ದ, ಮುಂದೆ ಕೈವಾರ ತಾತಯ್ಯನೆಂದೇ ಹೆಸರಾದ ಸಂತ ನಾರೇಯಣಪ್ಪನವರಿಗೆ ಗುರು ಪರದೇಶಿ ಸ್ವಾಮಿಗಳು ‘ಓಂ ನಮೋ ನಾರಾಯಣಾಯ’ ಎಂಬ ಅಷ್ಟಾಕ್ಷರಿಯನ್ನು ಉಪದೇಶಿಸಿ, ಬಾಯಿಗೊಂದು ಬೆಣಚುಕಲ್ಲನ್ನು ಕೊಟ್ಟು, ಅದು ಕಲ್ಲುಸಕ್ಕರೆಯಾಗುವವರೆಗೆ ಜಪಿಸೆಂದರಂತೆ. ನಮ್ಮ ಕಡೆ ಇದನ್ನು ಪವಾಡವೆಂದು ಹೇಳಿ, ಕೈಮುಗಿದು, ಅಲ್ಲಿಗೇ ಮುಗಿಸಿಬಿಡುತ್ತಾರೆ. ಬೆಟ್ಟದ ಗವಿಯ ತಂಪಿನಲ್ಲಿ ಕುಳಿತಾಗ ನನಗೆ ಹೊಳೆದದ್ದು ಬೇರೆ: ಬಾಯಲ್ಲಿ ಕಲ್ಲಿಟ್ಟುಕೊಂಡವನು ಹಾಡಲಾರ, ಹರಟಲಾರ, ನಾಮವು ಒಳಗೇ ಹೊರಳಾಡಬೇಕು. ಗುರು ಕೊಟ್ಟದ್ದು ಪ್ರೀತಿಸಲು ಒಂದು ಹೆಸರನ್ನು, ಆದರೆ ಅದಕ್ಕೆ ಕಾವಲಿಟ್ಟದ್ದು ಮೌನವನ್ನು. ಮುಂದೆ ಅದೇ ಬಾಯಿಂದ ತೆಲುಗು, ಕನ್ನಡ ಎರಡರಲ್ಲೂ ಕೀರ್ತನೆಗಳು ಹೊರಟವು.

ರಾಮಾನುಜರಂತೂ ಧ್ಯಾನ, ಭಕ್ತಿ ಇವೆರಡನ್ನೂ ಬೇರೆ ಮಾಡಲೇ ಇಲ್ಲ. ಎಣ್ಣೆಯ ಧಾರೆಯಂತೆ ಎಲ್ಲೂ ಕಡಿಯದೆ ಸಾಗುವ ನೆನಪೇ ಧ್ಯಾನ, ಆ ನೆನಪು ತಾನೇ ಅತ್ಯಂತ ಪ್ರಿಯವಾದಾಗ ಅದರ ಹೆಸರು ಭಕ್ತಿ ಎಂಬುದು ಬ್ರಹ್ಮಸೂತ್ರಗಳಿಗೆ ಅವರು ಬರೆದ ವ್ಯಾಖ್ಯಾನವಾದ ಶ್ರೀಭಾಷ್ಯದ ನಿಲುವು. ಓದಿದಾಗ ಇದು ಪಂಡಿತರ ಮಾತೆನಿಸಿತ್ತು. ಅರ್ಥವಾದದ್ದು ನಮ್ಮ ಮನೆಯ ದೇವರ ಕೋಣೆಯಲ್ಲಿ. ಧನುರ್ಮಾಸದ ಚಳಿಗೆ ದೀಪದ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿತ್ತು. ಗಿಂಡಿಯನ್ನು ಬಗ್ಗಿಸಿದರೂ ಏನೂ ಬೀಳಲಿಲ್ಲ. ಅಮ್ಮ ಅದನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತಿಟ್ಟು, ಸೆರಗಿನಿಂದ ಒರೆಸಿ ಬಗ್ಗಿಸಿದಳು. ನೂಲಿನಂತೆ ಒಂದೇ ಎಳೆಯಾಗಿ ಇಳಿಯಿತು.

ಒಂದು ವರ್ಷ ನಾನು ಉಸಿರನ್ನಷ್ಟೇ ಎಣಿಸುತ್ತಾ ಕುಳಿತಿದ್ದೆನಲ್ಲ, ಅದು ಹೆಪ್ಪುಗಟ್ಟಿದ ಎಣ್ಣೆಯ ಗಿಂಡಿಯನ್ನು ಬಗ್ಗಿಸಿ ಹಿಡಿದು ಕಾದಂತೆಯೇ ಇತ್ತು. ಹಾಗೆಂದು ಭಜನೆಯೊಂದೇ ಸಾಕೆಂದೂ ಹೇಳಲಾರೆ. ಮಂಗಳಾರತಿಯಾಗುತ್ತಲೇ ತಾಳವನ್ನು ಕೆಳಗಿಟ್ಟು ಕೋಸಂಬರಿಯ ದೊನ್ನೆಗೆ ಕೈಯೊಡ್ಡುವವರಲ್ಲಿ ನಾನೇ ಮೊದಲಿಗ. ಕಾದ ಎಣ್ಣೆಯನ್ನು ಸುರಿಯದೆಯೇ ಮತ್ತೆ ಆರಲು ಬಿಟ್ಟವನೂ ನಾನೇ.

ಆದ್ದರಿಂದ ಈ ಶನಿವಾರ ಹಾಡು ಮುಗಿದ ಮೇಲೆ ಏಳಬೇಡ. ಕೊನೆಯ ಸಾಲು ಒಳಗೆ ಇನ್ನೂ ಗುನುಗುತ್ತಿರುವಾಗಲೇ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು, ಏನಾಯಿತೆಂದು ಬರೆ. ಕೋಸಂಬರಿಯನ್ನು ಯಾರಾದರೂ ತೆಗೆದಿಟ್ಟಿರುತ್ತಾರೆ.

ನಿನ್ನ ಗೆಳೆಯ