ಪೋಲೊ ಜಿಟಿಗೆ ಲೋವರಿಂಗ್ ಸ್ಪ್ರಿಂಗ್ ಹಾಕಿಸುವ ಮುನ್ನ

ಗುಂಪಿನ ಸದಸ್ಯರ ಗಮನಕ್ಕೆ,

ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಕಾರನ್ನು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸಲು ಯಾವ ಸ್ಪ್ರಿಂಗ್ ಒಳ್ಳೆಯದೆಂದು ಹಲವರು ಕೇಳುತ್ತಿರುವುದರಿಂದ ಈ ಸೂಚನೆ. ಐಬಾಕ್ ಅಥವಾ ಎಚ್ ಅಂಡ್ ಆರ್ ಎಂಬ ತಯಾರಕರ ಹೆಸರಿಗಿಂತ ಮೊದಲು ನೋಡಬೇಕಾದದ್ದು ಮುಂದಿನ ಆಕ್ಸಲ್‌ನ ಭಾರ, ಅಂದರೆ ಮುಂದಿನ ಚಕ್ರಗಳ ಮೇಲೆ ಬೀಳುವ ತೂಕ. ಡೀಸೆಲ್ ಎಂಜಿನ್ ಹೆಚ್ಚು ತೂಗುವುದರಿಂದ ಅದಕ್ಕೆಂದು ಮಾಡಿದ ಸ್ಪ್ರಿಂಗನ್ನು ಪೆಟ್ರೋಲ್ ಕಾರಿಗೆ ಹಾಕಿದರೆ ಮೂತಿ ಅಂದುಕೊಂಡಷ್ಟು ಇಳಿಯುವುದಿಲ್ಲ.

ನಮ್ಮ ರಸ್ತೆಗಳಿಗೆ 25 ಮಿ.ಮೀ. ಇಳಿಕೆಯೇ ಸಾಕು ಎಂಬುದು ನನ್ನ ಅಭಿಪ್ರಾಯ. ನಿಯಮದಂತೆ ಕಟ್ಟಿದ ರಸ್ತೆಯುಬ್ಬು 10 ಸೆಂ.ಮೀ. ಎತ್ತರವಿರಬೇಕು, ಆದರೆ ಬೆಂಗಳೂರಿನ ಅಡ್ಡರಸ್ತೆಗಳ ಉಬ್ಬುಗಳಿಗೆ ಆ ನಿಯಮ ತಿಳಿದಂತಿಲ್ಲ. ಇಳಿಕೆ ಹೆಚ್ಚಿದಷ್ಟೂ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಒಳಸರಿಯಲು ಉಳಿಯುವ ಜಾಗ ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬುವಷ್ಟು ಸ್ಪ್ರಿಂಗ್ ಬಿಗಿಯಾಗಿರದಿದ್ದರೆ, ಐದು ಜನ ಕುಳಿತಾಗ ಕಾರು ಪದೇ ಪದೇ ಬಂಪ್‌ಸ್ಟಾಪ್‌ಗೆ (ಡ್ಯಾಂಪರ್ ಪೂರ್ತಿ ಒಳಸರಿಯದಂತೆ ತಡೆಯುವ ತುಂಡಿಗೆ) ಬಡಿಯುತ್ತದೆ. ಮುಂಭಾಗದ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದೇ ಕಂಬದಲ್ಲಿ ಸೇರಿರುವ) ವ್ಯವಸ್ಥೆಯಲ್ಲಿ ಅತಿಯಾಗಿ ತಗ್ಗಿಸಿದರೆ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕೂಡ ಕುಸಿದು, ತಿರುವಿನಲ್ಲಿ ನಿರೀಕ್ಷಿಸಿದ ಲಾಭ ಸಿಗದು. ಹಳೆಯ ಸ್ಪ್ರಿಂಗನ್ನೇ ಕತ್ತರಿಸುವ ವಿಚಾರವನ್ನು ದಯವಿಟ್ಟು ಇಲ್ಲಿ ಎತ್ತಬೇಡಿ.

ಡ್ಯಾಂಪರ್ ಹೆಚ್ಚು ಓಡಿದ್ದರೆ ಅದನ್ನೂ, ಜೊತೆಗೆ ಅದರ ಮೇಲ್ತುದಿಯನ್ನು ಕಾರಿಗೆ ಹಿಡಿಸುವ ಟಾಪ್ ಮೌಂಟನ್ನೂ ಒಟ್ಟಿಗೇ ಬದಲಿಸಿದರೆ ಎರಡು ಬಾರಿ ಕೂಲಿ ಕೊಡುವುದು ತಪ್ಪುತ್ತದೆ. ಸಸ್ಪೆನ್ಷನ್‌ನ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರಿನ ಭಾರ ಚಕ್ರಗಳ ಮೇಲೆ ನಿಂತ ಬಳಿಕವೇ ಬಿಗಿಯಲು ಮೆಕ್ಯಾನಿಕ್‌ಗೆ ತಿಳಿಸಿ. ಆನಂತರ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್‌ನ ಮಟ್ಟವನ್ನೂ ಸರಿಪಡಿಸಿಕೊಳ್ಳಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ವಿನ್ಯಾಸದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. ವಾರಂಟಿ ಮತ್ತು ವಿಮೆಯ ಷರತ್ತುಗಳನ್ನು ಓದಿಕೊಂಡೇ ಹಣ ಕಟ್ಟಿರಿ.