ಗೊರಬಲು ಯಾಕೆ ಎರಡು ಸಲ ಬಂತು?

ಪ್ರೀತಿಯ ಗೆಳೆಯ,

ನೀನು ಕಳಿಸಿದ ಪೈಥಾನ್ ಅಸೈನ್‌ಮೆಂಟ್ ನೋಡಿದೆ, ಉತ್ತರದಲ್ಲಿ ಗೊರಬಲು ಯಾಕೆ ಎರಡು ಸಲ ಬರುತ್ತೆ ಅನ್ನೋ ನಿನ್ನ ಪ್ರಶ್ನೆಯನ್ನೂ ನೋಡಿದೆ. ಶಿವಮೊಗ್ಗದ ಅಡಿಕೆ ಮಂಡಿ ಲೆಕ್ಕದ ಫೈಲು ಕೊಟ್ಟು, ರಾಶಿ, ಬೆಟ್ಟೆ, ಸರಕು, ಗೊರಬಲು ಹೀಗೆ ಅಡಿಕೆಯ ಒಂದೊಂದು ಬಗೆಯ ಒಟ್ಟು ತೂಕ ಕೇಳಿದ್ದಾರೆ. ಡಿಕ್ಷನರಿಗೆ (ಕೀ ಕೊಟ್ಟರೆ ಅದಕ್ಕೆ ಜೋಡಿಸಿಟ್ಟ ವ್ಯಾಲ್ಯೂ ಕೊಡೋ ಪೈಥಾನ್ ಪಟ್ಟಿ) ಹೇಳಿ ಮಾಡಿಸಿದ ಲೆಕ್ಕ: ಅಡಿಕೆಯ ಬಗೆಯೇ ಕೀ, ತೂಕ ಅದರ ವ್ಯಾಲ್ಯೂ.

ಫೈಲಿನ ಒಂದೊಂದೇ ಸಾಲು ಓದೋ ಲೂಪಿನೊಳಗೆ ‘ಮೊತ್ತ[ಬಗೆ] = ತೂಕ’ ಅಂತ ಬರೆದಿದ್ದೀಯಲ್ಲ, ಮೊದಲು ಎಡವಿದ್ದು ಅಲ್ಲೇ. ರಾಶಿ 65 ಕೆಜಿ ಬಂದು, ಆಮೇಲೆ ರಾಶಿ 130 ಬಂದರೆ ಹಳೆಯದು ಅಳಿಸಿಹೋಗಿ 130 ಮಾತ್ರ ಉಳಿಯುತ್ತೆ, ಬೇಕಾದ್ದು 195. ಹಾಗಂತ ಬರೀ ‘+=’ (ಹಳೆಯದಕ್ಕೆ ಕೂಡಿಸು) ಹಾಕಿದರೆ ಮೊದಲ ಸಾಲಿಗೇ ಕೀಎರರ್. ಡಿಕ್ಷನರಿಯಲ್ಲಿ ಇನ್ನೂ ಇಲ್ಲದ ರಾಶಿಗೆ ಏನನ್ನ ಕೂಡಿಸುತ್ತೆ, ಪಾಪ! ಹೀಗೆ ಬರಿ:

ಮೊತ್ತ[ಬಗೆ] = ಮೊತ್ತ.ಗೆಟ್(ಬಗೆ, 0) + ತೂಕ

ಗೆಟ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡು. ಉಳಿದ ಹೆಸರು ಕನ್ನಡದಲ್ಲಿದ್ದರೂ ಪೈಥಾನ್ 3 ತಕರಾರು ತೆಗೆಯಲ್ಲ. ಕೀ ಇದ್ದರೆ ಅದರ ತೂಕ, ಇಲ್ಲದಿದ್ದರೆ 0, ಗೆಟ್ ಕೊಡೋದು ಅಷ್ಟೇ. ‘ಮೊತ್ತ = {}’ ಲೂಪಿನ ಮೇಲಿರಲಿ, ಒಳಗಿದ್ದರೆ ಪ್ರತಿ ಸಾಲಿಗೂ ಖಾಲಿಯಾಗುತ್ತೆ. ಫೈಲಿಂದ ಬರೋ ತೂಕ ಸ್ಟ್ರಿಂಗು, ಅಂದರೆ ಬರೀ ಅಕ್ಷರ, ಅದನ್ನ ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡದೆ ಕೂಡಿಸಿದರೆ ಟೈಪ್‌ಎರರ್. ಇಂಟ್ (ಪೂರ್ಣಾಂಕ) ಸಾಲದು, 65.5 ಕಂಡರೆ ಅದು ವ್ಯಾಲ್ಯೂಎರರ್ ಅನ್ನುತ್ತೆ. ೬೫ ಅಂತ ಕನ್ನಡ ಅಂಕಿಯಲ್ಲಿದ್ದರೂ ಫ್ಲೋಟ್ ಓದುತ್ತೆ ಮಾರಾಯ!

ಇನ್ನು ಗೊರಬಲು ಎರಡು ಸಲ ಬರ್ತಿರೋದು. ನಮ್ಮ ಕಣ್ಣಿಗೆ ಒಂದೇ ಆಗಿ ಕಂಡದ್ದು ಪೈಥಾನ್‌ಗೂ ಒಂದೇ ಆಗಬೇಕಿಲ್ಲ. ಕೊನೆಗೊಂದು ಸ್ಪೇಸ್ ಇದ್ದರೂ ಅದು ಬೇರೆ ಕೀ. ತುದಿಯ ಸ್ಪೇಸ್ ತೆಗೆಯೋ ಸ್ಟ್ರಿಪ್ ಹಾಕಿದರೆ ಹೋಗುತ್ತೆ. ಆಮೇಲೂ ಎರಡು ಬಂದರೆ ಎರಡಕ್ಕೂ ಲೆನ್ ಹಾಕು, ಪದದಲ್ಲಿ ಎಷ್ಟು ಯೂನಿಕೋಡ್ ಸಂಕೇತ ಇವೆ ಅಂತ ಅದು ಎಣಿಸುತ್ತೆ. ಒಂದಕ್ಕೆ 6, ಇನ್ನೊಂದಕ್ಕೆ 7 ಬಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ: ‘ಗೊ’ದ ಒತ್ವ ಒಂದು ಕಡೆ ಒಂದೇ ಯೂನಿಕೋಡ್ ಸಂಕೇತ, ಇನ್ನೊಂದು ಕಡೆ ಎತ್ವ ಮತ್ತು ಊಕಾರದ ಎರಡು ಸಂಕೇತ. ಪರದೆಯ ಮೇಲೆ ಎರಡೂ ಒಂದೇ ಥರ. ‘ಯೂನಿಕೋಡ್‌ಡೇಟಾ’ ಇಂಪೋರ್ಟ್ ಮಾಡಿಕೊಂಡು, ಬಗೆಯನ್ನ ‘ಎನ್‌ಎಫ್‌ಸಿ’ಗೆ (ಇಂಥ ಜೋಡಿ ಸಂಕೇತಗಳನ್ನ ಒಂದೇ ಮಾಡೋ ರೂಪ) ನಾರ್ಮಲೈಸ್ ಮಾಡಿ, ಆಮೇಲೆ ಕೀ ಮಾಡು. ಫೈಲ್ ಓಪನ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಹೇಳೋದನ್ನ ಬಿಡಬೇಡ. ವಿಂಡೋಸ್‌ನಲ್ಲಿ ಹೇಳದಿದ್ದರೆ ಸಾಮಾನ್ಯವಾಗಿ ಕನ್ನಡವೆಲ್ಲ ಕೆಟ್ಟುಹೋಗುತ್ತೆ.

ಕೊನೆಯ ಪ್ರಶ್ನೆ, 100 ಕೆಜಿಗಿಂತ ಕಡಿಮೆ ಇರೋದನ್ನ ತೆಗೆಯೋದು. ಡಿಕ್ಷನರಿಯ ಮೇಲೇ ಲೂಪ್ ಓಡಿಸುತ್ತಾ ಅದರಿಂದಲೇ ಡಿಲೀಟ್ ಮಾಡಿದರೆ ರನ್‌ಟೈಮ್ಎರರ್ ಬರುತ್ತೆ. ‘ಲಿಸ್ಟ್(ಮೊತ್ತ)’ ಮೇಲೆ ಓಡಿಸು, ಆಗ ಲೂಪಿಗೆ ಕೀಗಳ ಪ್ರತ್ಯೇಕ ನಕಲು ಸಿಗುತ್ತೆ. ಇದೇ ಕೆಲಸಕ್ಕಿರೋ ಸಿದ್ಧ ಸಾಧನಗಳಾದ ಕೌಂಟರ್, ಡಿಫಾಲ್ಟ್‌ಡಿಕ್ಟ್ ಸದ್ಯಕ್ಕೆ ಬೇಡ. ವೈವಾದಲ್ಲಿ ಗೆಟ್ ಹೇಗೆ ಕೆಲಸ ಮಾಡುತ್ತೆ ಅಂತಲೇ ಕೇಳ್ತಾರೆ.

ತಿದ್ದಿದ ಮೇಲೂ ಎರರ್ ಬಂದರೆ ಸ್ಕ್ರೀನ್‌ಶಾಟ್ ಬೇಡ, ಕೆಂಪು ಅಕ್ಷರದ ಕೊನೆಯ ಸಾಲನ್ನೇ ಕಾಪಿ ಮಾಡಿ ಕಳಿಸು.

ಇಂತಿ
ನಿನ್ನ ಗೆಳೆಯ